ನಾಯಕನ ಗೆಲುವು ಯಾವುದರಲ್ಲಿದೆ?

ವಾರಪತ್ರಿಕೆ ಮನೆಗೆ ಬಂದ ದಿನ ಅನೇಕ ಸಂಸಾರಗಳಲ್ಲಿ ಒಂದು ಸಣ್ಣ ಕಲಹ ನಡೆಯುವುದುಂಟು. ಕಾಲೇಜಿಗೆ ಹೋಗುವ ಮಗನಿಗೆ ಮೊದಲು ಚಿತ್ರಗಳ ಪುಟ ಬೇಕು. ಸೊಸೆಗೆ ಧಾರಾವಾಹಿ ಬೇಕು. ಯಜಮಾನರು ಕನ್ನಡಕ ಹುಡುಕುವಷ್ಟರಲ್ಲಿ ಪತ್ರಿಕೆ ಅಡುಗೆಯ ಮನೆಯನ್ನು ಸೇರಿರುತ್ತದೆ. ಕಣ್ಣು ಮಂಜಾಗಿ ಓದಲಾರದ ಅಜ್ಜಿ ಮಾತ್ರ ನಡುಮನೆಯಲ್ಲಿ ಹೂ ಕಟ್ಟುತ್ತ, ಕುಳಿತಲ್ಲಿಂದಲೇ ಕೇಳುತ್ತಾರೆ: “ಆ ಹುಡುಗನ ಗತಿ ಏನಾಯಿತೇ? ಈ ವಾರವಾದರೂ ಮನೆಗೆ ಬಂದನೇ?”

ಆ ಹುಡುಗ ಅಜ್ಜಿಯ ಮೊಮ್ಮಗನಲ್ಲ, ನೆಂಟನಲ್ಲ, ನೆರೆಯವನೂ ಅಲ್ಲ. ಕಾಗದದ ಮೇಲೆ ಹುಟ್ಟಿ, ವಾರಕ್ಕೆ ನಾಲ್ಕು ಪುಟದಂತೆ ಬೆಳೆಯುತ್ತಿರುವ ಧಾರಾವಾಹಿಯ ನಾಯಕ. ಇಲ್ಲದವನೊಬ್ಬನಿಗಾಗಿ ಇರುವವರು ಹೀಗೆ ಕಳವಳಪಡುವುದು ವಿಚಿತ್ರವೇ ಸರಿ. ಆದರೆ ಕಥಾನಾಯಕನ ಯೋಗ್ಯತೆಯನ್ನು ಅಳೆಯಲು ಅಜ್ಜಿಯ ಈ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ಯಾವನ ವಿಷಯದಲ್ಲಿ ಓದುಗರು “ಮುಂದೇನಾಯಿತು?” ಎಂದು ಕೇಳುತ್ತಾರೋ ಅವನು ಗೆದ್ದ, ಯಾವನನ್ನು ಕುರಿತು “ಬಹಳ ಒಳ್ಳೆಯವನು” ಎಂದು ಹೇಳಿ ಪುಟ ಮಗುಚುತ್ತಾರೋ ಅವನು ಸೋತ.

ಹೊಸದಾಗಿ ಕಾದಂಬರಿ ಬರೆಯತೊಡಗಿದವರು ಈ ಸೂಕ್ಷ್ಮವನ್ನು ಗಮನಿಸದೆ ತಮ್ಮ ನಾಯಕನ ಮೇಲೆ ಸದ್ಗುಣಗಳ ಮೂಟೆಯನ್ನೇ ಹೊರಿಸುತ್ತಾರೆ. ಅವನು ರೂಪದಲ್ಲಿ ಮನ್ಮಥ, ಪರೀಕ್ಷೆಯಲ್ಲಿ ಮೊದಲಿಗ, ಹಾಡಿದರೆ ಸಭೆಯೇ ತಲೆದೂಗುತ್ತದೆ, ಬಡವರನ್ನು ಕಂಡರೆ ಜೇಬು ಬರಿದು ಮಾಡುತ್ತಾನೆ, ನಾಲ್ಕು ಮಂದಿ ದುಷ್ಟರನ್ನು ಒಬ್ಬನೇ ನೆಲಕ್ಕುರುಳಿಸುತ್ತಾನೆ. ಇಷ್ಟೆಲ್ಲ ಇದ್ದೂ ಮೂರನೆಯ ವಾರದ ಹೊತ್ತಿಗೆ ಅವನ ಹೆಸರೇ ಓದುಗನಿಗೆ ಮರೆತಿರುತ್ತದೆ. ಕಾರಣ ಸ್ಪಷ್ಟ. ಎಲ್ಲವೂ ಇರುವವನಿಗೆ ಬೇಕಾದುದೇನೂ ಉಳಿದಿರುವುದಿಲ್ಲ. ಬೇಕಾದುದೇನೂ ಇಲ್ಲದವನಿಗೆ ಕಥೆಯೂ ಇರುವುದಿಲ್ಲ.

ನಮ್ಮ ಹಿಂದಿನ ಲಾಕ್ಷಣಿಕರು ನಾಯಕನನ್ನು ಕುರಿತು ಆಳವಾಗಿ ಯೋಚಿಸಿದ್ದರು. ಹತ್ತನೆಯ ಶತಮಾನದಲ್ಲಿ ‘ದಶರೂಪಕ’ವನ್ನು ರಚಿಸಿದ ಧನಂಜಯನು ನಾಟಕದ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ರಾಮನಂತೆ ಗಂಭೀರನಾದವನು ಧೀರೋದಾತ್ತ. ವತ್ಸರಾಜ ಉದಯನನಂತೆ ಕಲಾಪ್ರಿಯನೂ ನಿಶ್ಚಿಂತನೂ ಆದವನು ಧೀರಲಲಿತ. ಚಾರುದತ್ತನಂತೆ ಸೌಮ್ಯ ಸ್ವಭಾವದವನು ಧೀರಶಾಂತ. ಪರಶುರಾಮನಂತೆ ದರ್ಪಿಷ್ಠನಾದವನು ಧೀರೋದ್ಧತ. ಈ ನಾಲ್ವರ ಸ್ವಭಾವಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ. ಒಬ್ಬನು ವೀಣೆಯಲ್ಲಿ ಮೈಮರೆತರೆ ಇನ್ನೊಬ್ಬನು ಕೊಡಲಿಯನ್ನೆತ್ತುತ್ತಾನೆ. ಆದರೂ ನಾಲ್ಕು ಹೆಸರುಗಳಲ್ಲಿಯೂ ಮೊದಲು ನಿಂತಿರುವ ಮಾತು ಒಂದೇ: ಧೀರ. ರೂಪ, ಕುಲ, ವಿದ್ಯೆ, ವಿನಯಗಳೆಲ್ಲವನ್ನೂ ಪಟ್ಟಿಮಾಡಿದ ಶಾಸ್ತ್ರಕಾರರು ಕೊನೆಗೆ ಯಾರಿಗೂ ಬಿಟ್ಟುಕೊಡದೆ ಉಳಿಸಿಕೊಂಡ ಗುಣ ಇದೊಂದೇ.

ಧೈರ್ಯವೆಂದರೆ ಇಲ್ಲಿ ಕತ್ತಿವರಸೆಯಲ್ಲ. ತಾನು ಹಿಡಿದುದನ್ನು ಬಿಡದಿರುವ ಮನಸ್ಸಿನ ನೆಲೆ. ಆದರೆ ಆ ನೆಲೆ ಎಷ್ಟು ಗಟ್ಟಿಯೆಂಬುದು ಅದನ್ನು ಅಲುಗಿಸಿ ನೋಡಿದ ಮೇಲಲ್ಲದೆ ತಿಳಿಯುವುದಿಲ್ಲ. ಚಿನ್ನವೆಂದು ಬಾಯಲ್ಲಿ ಹೇಳಿದರೆ ಅಕ್ಕಸಾಲಿಗ ಒಪ್ಪಿಯಾನೇ? ಒರೆಗಲ್ಲು ಬೇಕು, ಬೆಂಕಿ ಬೇಕು. ನಾಯಕನಿಗೆ ಕಷ್ಟಗಳನ್ನು ಒಡ್ಡುವ ಲೇಖಕನು ಕ್ರೂರಿಯಲ್ಲ. ಅವನು ಅಕ್ಕಸಾಲಿಗನ ಕೆಲಸವನ್ನೇ ಮಾಡುತ್ತಿದ್ದಾನೆ.

ಇದಕ್ಕೆ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕಿಂತ ಉತ್ತಮವಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಹರಿಶ್ಚಂದ್ರನು ಸತ್ಯವಂತ. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಅವನೂ ಶಾಲೆಯ ನೀತಿಪಾಠದ ಪುಟದಲ್ಲಿ ಧೂಳು ಹಿಡಿಯುತ್ತಿದ್ದನು. ಕವಿಯು ಹಾಗೆ ಮಾಡಲಿಲ್ಲ. ಸತ್ಯಕ್ಕೆ ಬೆಲೆ ಕಟ್ಟುತ್ತ ಹೋದನು. ಮೊದಲು ರಾಜ್ಯ ಹೋಯಿತು. ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಬೇಕಾಯಿತು. ಆಮೇಲೆ ತಾನೇ ವೀರಬಾಹುಕನಿಗೆ ಆಳಾಗಿ ಸುಡುಗಾಡನ್ನು ಕಾಯಬೇಕಾಯಿತು. ಹಾವು ಕಚ್ಚಿ ಸತ್ತ ಮಗನ ಹೆಣವನ್ನು ಹೊತ್ತು ಹೆಂಡತಿ ಬಂದಾಗ ಅವಳಲ್ಲಿಯೂ ಸುಡುಗಾಡಿನ ತೆರೆಯನ್ನು ಕೇಳಬೇಕಾಯಿತು. ಕೊನೆಗೆ ಅವಳ ಕೊರಳಿನ ಮೇಲೆಯೇ ಕತ್ತಿಯನ್ನೆತ್ತಬೇಕಾಯಿತು. ಪ್ರತಿ ಹಂತದಲ್ಲಿಯೂ ಒಂದೇ ಒಂದು ಸುಳ್ಳು ಅವನನ್ನು ಬಿಡಿಸಬಹುದಾಗಿತ್ತು. ಕುಂದಿಲ್ಲದ ನಾಯಕನು ಓದುಗನಿಗೆ ಬೇಸರ ತರುತ್ತಾನೆಂಬ ಮಾತು ಅರ್ಧ ಸತ್ಯ ಮಾತ್ರ. ಬೆಲೆ ತೆರದ ಗುಣ ಬೇಸರ ತರುತ್ತದೆ. ಬೆಲೆ ತೆತ್ತ ಗುಣ ರೋಮಾಂಚನಗೊಳಿಸುತ್ತದೆ.

ಈ ಕಥೆಯ ಶಕ್ತಿ ಎಷ್ಟೆಂಬುದಕ್ಕೆ ಲೋಕಪ್ರಸಿದ್ಧವಾದ ಸಾಕ್ಷಿಯೊಂದಿದೆ. ಗುಜರಾತಿನ ಒಬ್ಬ ಬಾಲಕ ಹರಿಶ್ಚಂದ್ರ ನಾಟಕವನ್ನು ನೋಡಿ ಬಂದು, ಅದನ್ನು ತನ್ನ ಮನಸ್ಸಿನಲ್ಲಿಯೇ ಮತ್ತೆ ಮತ್ತೆ ಆಡಿಕೊಂಡು ಕಣ್ಣೀರಿಟ್ಟನು. ಆ ಬಾಲಕ ಮುಂದೆ ಮಹಾತ್ಮಾ ಗಾಂಧಿಯಾಗಿ ತಮ್ಮ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಬರೆದರು. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ತಮ್ಮ ಪ್ರಸಿದ್ಧ ಚಲನಚಿತ್ರಕ್ಕೆ ಆರಿಸಿಕೊಂಡದ್ದೂ ಇದೇ ರಾಜನ ಕಥೆಯನ್ನು. ಕಥಾನಾಯಕನು ಹೊತ್ತು ಕಳೆಯುವ ಗೊಂಬೆಯಲ್ಲ. ಮಕ್ಕಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ನಿದ್ರೆಹೋಗುತ್ತಾರೆಂಬುದು ತಾಯಿತಂದೆಗಳು ಹಗುರವಾಗಿ ಕಾಣಬೇಕಾದ ವಿಷಯವೂ ಅಲ್ಲ.

ಎರಡನೆಯ ಮಾತು, ಆಯ್ಕೆ. ನಾಯಕನಿಗೆ ಕಷ್ಟಗಳು ಬಂದರೆ ಮಾತ್ರ ಸಾಲದು; ಎರಡು ದಾರಿಗಳ ನಡುವೆ ನಿಂತು ಅವನೇ ಒಂದನ್ನು ಆರಿಸಬೇಕು. ಪಂಪನು 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡು ಅವನನ್ನೇ ನಾಯಕನನ್ನಾಗಿ ಮಾಡಿದನು. ಅಲ್ಲಿ ದ್ರೌಪದಿ ವರಿಸುವುದು ಅರ್ಜುನನೊಬ್ಬನನ್ನೇ, ಪಟ್ಟಾಭಿಷೇಕವೂ ಅವನಿಗೇ. ಕವಿಯು ಕೊಡಬಹುದಾದುದನ್ನೆಲ್ಲ ಕೊಟ್ಟಿದ್ದಾನೆ. ಆದರೂ ಸಾವಿರ ವರ್ಷಗಳಿಂದ ಕನ್ನಡದ ಓದುಗನ ಹೃದಯವನ್ನು ಸೂರೆಗೊಂಡವನು ಕರ್ಣ. ಕವಿಯೇ ಕಾವ್ಯದ ನಡುವೆ ನಿಂತು, ಕರ್ಣನನ್ನು ನೆನೆಯಿರೆಂದು ಹೇಳದಿರಲಾರದೆ ಹೋದನು.

ಅರ್ಜುನನಿಗೆ ಇಲ್ಲದ ಯಾವುದು ಕರ್ಣನಿಗಿತ್ತು? ಪರಾಕ್ರಮದಲ್ಲಿ ಅವರು ಸರಿಸಾಟಿ. ಆದರೆ ಕರ್ಣನ ಮುಂದೆ ಒಂದು ದಿನ ಕೃಷ್ಣನು ಹುಟ್ಟಿನ ಗುಟ್ಟನ್ನು ಬಿಚ್ಚಿಟ್ಟು ರಾಜ್ಯವನ್ನೇ ನೀಡಲು ಬಂದನು. ತಾಯಿ ಕುಂತಿಯೂ ಬಂದು ಬೇಡಿದಳು. ಜೀವಮಾನವೆಲ್ಲ ಯಾವುದಕ್ಕಾಗಿ ಹಂಬಲಿಸಿದ್ದನೋ ಆ ಕುಲ, ಆ ತಾಯಿ, ಆ ಗೌರವ ತಾನಾಗಿ ಬಾಗಿಲಿಗೆ ಬಂದು ನಿಂತಿತು. ಕಷ್ಟಕಾಲದಲ್ಲಿ ಕೈಹಿಡಿದ ದುರ್ಯೋಧನನ ಋಣವನ್ನು ನೆನೆದು ಅವನು ಅದೆಲ್ಲವನ್ನೂ ಹಿಂದಕ್ಕೆ ಕಳುಹಿಸಿದನು. ತನ್ನ ಪಕ್ಷ ಸೋಲುವುದೆಂದು ತಿಳಿದೂ ಅಲ್ಲಿಯೇ ನಿಂತನು. ಗೆಲ್ಲುವವರ ಕಡೆ ನಿಲ್ಲುವುದಕ್ಕೆ ನಾಯಕನೇ ಬೇಕಾಗಿಲ್ಲ. ಅರ್ಜುನನು ಯುದ್ಧವನ್ನು ಗೆದ್ದನು. ಕರ್ಣನು ಓದುಗನನ್ನು ಗೆದ್ದನು.

ನಾಯಕನು ತಪ್ಪು ಮಾಡಬಹುದೇ? ಮಾಡಬಹುದು, ಆದರೆ ಮಾಡಿದ ತಪ್ಪು ಅವನನ್ನು ಸುಡಬೇಕು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಗುರುತಿಸಿಯೂ ಲೋಕಾಪವಾದಕ್ಕೆ ಅಂಜಿ, ಅರಿಯೆನೆಂದನು. ಅಂತಹವನನ್ನು ನಾಟಕದ ನಾಯಕನನ್ನಾಗಿ ನಿಲ್ಲಿಸುವುದು ಹೇಗೆಂದು ಕಾಳಿದಾಸನು ಚಿಂತಿಸಿರಬೇಕು. ದುರ್ವಾಸರ ಶಾಪವನ್ನೂ ಕಳೆದುಹೋದ ಉಂಗುರವನ್ನೂ ತಂದು ರಾಜನನ್ನು ಅಪವಾದದಿಂದ ಪಾರುಮಾಡಿದನು. ಆದರೆ ಆರನೆಯ ಅಂಕವಿಲ್ಲದಿದ್ದರೆ ಈ ಉಪಾಯ ಫಲಿಸುತ್ತಿರಲಿಲ್ಲ. ಉಂಗುರ ಸಿಕ್ಕಿ ನೆನಪು ಮರಳಿದಾಗ ರಾಜನು ವಸಂತೋತ್ಸವವನ್ನು ನಿಲ್ಲಿಸಿ, ತಾನೇ ಬರೆದ ಶಕುಂತಲೆಯ ಚಿತ್ರದ ಮುಂದೆ ಕುಳಿತು ಬೇಯುತ್ತಾನೆ. ಶಾಪವು ಅವನನ್ನು ನಿರಪರಾಧಿಯನ್ನಾಗಿಸಿತು. ನಾಯಕನನ್ನಾಗಿ ಉಳಿಸಿದ್ದು ಪಶ್ಚಾತ್ತಾಪ.

ಕೆಲವು ನಾಯಕರು ಇಂತಹ ಅಂತರಂಗದ ಹೋರಾಟವಿಲ್ಲದೆಯೂ ಗೆಲ್ಲುತ್ತಾರೆ. ಅವರ ಬಲವಿರುವುದು ಎಲ್ಲಿಯೂ ಕಾಣದ ವೈಶಿಷ್ಟ್ಯದಲ್ಲಿ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಲೋಕಕ್ಕೆ ಪರಿಚಯಿಸಿದ ಷರ್ಲಾಕ್ ಹೋಮ್ಸನನ್ನೇ ನೋಡಬಹುದು. ಸಿಗರೇಟಿನ ಬೂದಿಯನ್ನು ನೋಡಿ ಅಪರಾಧಿಯ ಸುಳಿವು ಹಿಡಿಯುವ ಈ ಮಹಾಮೇಧಾವಿಗೆ ಭೂಮಿಯು ಸೂರ್ಯನನ್ನು ಸುತ್ತುತ್ತದೆಯೆಂಬುದೇ ತಿಳಿದಿರಲಿಲ್ಲವೆಂದು ಮೊದಲ ಕಥೆಯಲ್ಲಿಯೇ ಹೇಳಿದೆ. ಆ ಒಂದು ಅಜ್ಞಾನವೇ ಅವನನ್ನು ಯಂತ್ರವಾಗದಂತೆ ಕಾಪಾಡಿತು. ಜೊತೆಗೆ, ಓದುಗನಂತೆಯೇ ಬೆರಗಾಗುವ ಡಾಕ್ಟರ್ ವಾಟ್ಸನ್ ಪಕ್ಕದಲ್ಲಿದ್ದಾನೆ. ಎತ್ತರವಾದ ಮರದ ಎತ್ತರ ತಿಳಿಯಬೇಕಾದರೆ ಬುಡದಲ್ಲಿ ಒಬ್ಬ ಮನುಷ್ಯ ನಿಂತಿರಬೇಕಷ್ಟೆ. 1893ರಲ್ಲಿ ಲೇಖಕನು ಬೇಸತ್ತು ಹೋಮ್ಸನನ್ನು ಜಲಪಾತದಲ್ಲಿ ಕೊಂದನು. ಓದುಗರು ಸುಮ್ಮನಿರಲಿಲ್ಲ, ಪತ್ರಗಳ ಮೂಲಕ ದುಃಖವನ್ನೂ ಕೋಪವನ್ನೂ ಕಾರಿದರು. ಹತ್ತು ವರ್ಷಗಳ ಅನಂತರ, 1903ರಲ್ಲಿ, ಲೇಖಕನು ಅವನನ್ನು ಬದುಕಿಸಿ ಕರೆತರಬೇಕಾಯಿತು. ನಾಯಕನು ನಿಜವಾಗಿ ಗೆದ್ದ ಮೇಲೆ ಅವನನ್ನು ಕೊಲ್ಲುವ ಅಧಿಕಾರ ಹೆತ್ತ ಲೇಖಕನಿಗೂ ಉಳಿಯುವುದಿಲ್ಲ.

ಇನ್ನು, ಯಾರು ನಾಯಕರಾಗಬಹುದೆಂಬ ಪ್ರಶ್ನೆ. ಹಳೆಯ ಶಾಸ್ತ್ರವು ನಾಯಕನಿಗೆ ಉನ್ನತ ಕುಲವನ್ನು ವಿಧಿಸಿತ್ತು. ಹರಿಹರನು ತನ್ನ ರಗಳೆಗಳಲ್ಲಿ ಬೇಡನಾದ ಕಣ್ಣಪ್ಪನನ್ನೂ ಮಾದಾರ ಚೆನ್ನಯ್ಯನನ್ನೂ ಕೊಂಡಾಡಿ ಆ ಬೇಲಿಯನ್ನು ದಾಟಿದನು. ಬೇಲಿಯನ್ನು ಬುಡಸಹಿತ ಕಿತ್ತವರು ಶಿವರಾಮ ಕಾರಂತರು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯ ಚೋಮನಲ್ಲಿ ಪಟ್ಟಿಮಾಡಿದ ಗುಣಗಳಲ್ಲಿ ಬಹುಪಾಲು ಇಲ್ಲ. ಅವನು ಮುದುಕ, ಸಾಲಗಾರ, ಹೆಂಡದ ಚಟವುಳ್ಳವನು, ಊರವರು ಮುಟ್ಟದವನು. ಅವನಿಗಿರುವುದು ಒಂದು ಆಸೆ, ಒಂದು ದುಡಿ. ಆಸೆಯೂ ಸಿಂಹಾಸನದ್ದಲ್ಲ, ತನ್ನದೇ ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬುದು. ಊರಿನ ಕಟ್ಟಳೆ ಅದಕ್ಕೂ ಒಪ್ಪಲಿಲ್ಲ. ನೀರಿನಲ್ಲಿ ಮುಳುಗುತ್ತಿದ್ದ ಅವನ ಮಗನನ್ನು ಮುಟ್ಟಿ ಎತ್ತಲೂ ದಡದಲ್ಲಿದ್ದವರಿಗೆ ಮಡಿ ಅಡ್ಡಬಂದಿತು. ಚೋಮನು ಕೊನೆಗೆ ದುಡಿ ಬಾರಿಸುತ್ತಲೇ ಪ್ರಾಣ ಬಿಟ್ಟನು. ಅವನು ಪಡೆದದ್ದು ಏನೂ ಇಲ್ಲ. ಆದರೆ ಪುಸ್ತಕ ಮುಚ್ಚಿದ ಓದುಗನಿಗೆ ತಾನು ಎಂದೋ ಯಾರನ್ನೋ ಅಂಗಳದಲ್ಲಿಯೇ ನಿಲ್ಲಿಸಿ ಮಾತನಾಡಿಸಿದ್ದು ನೆನಪಾಗುತ್ತದೆ. 1975ರಲ್ಲಿ ಇದೇ ಕಥೆ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಚಿತ್ರವಾಗಿ, ಚೋಮನ ಪಾತ್ರ ವಹಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯನ್ನು ತಂದಿತು.

ನಾಯಕನೆಂಬ ಪದವು ಪುರುಷವಾಚಕವಾದರೂ ನಾಯಕತ್ವವು ಪುರುಷರ ಸ್ವತ್ತಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (1970) ನಂಜಮ್ಮನಿಗೆ ಕೈಲಾಗದ ಗಂಡ, ಬಾಯಿ ಹರಿಯಬಿಟ್ಟ ಅತ್ತೆ. ಶಾನುಭೋಗಿಕೆಯ ಲೆಕ್ಕಗಳನ್ನು ತಾನೇ ಬರೆದು ಅವಳು ಸಂಸಾರವನ್ನು ಎತ್ತಿಹಿಡಿಯುತ್ತಾಳೆ. ಪ್ಲೇಗು ಬೆಳೆದ ಮಕ್ಕಳನ್ನು ಒಯ್ಯುತ್ತದೆ. ಕೊನೆಗೆ ಅವಳನ್ನೂ ಬಿಡುವುದಿಲ್ಲ. ಕುರುಕ್ಷೇತ್ರದಲ್ಲಿ ಬೇಕಾದ ಧೈರ್ಯವು ಹದಿನೆಂಟು ದಿನಗಳದು. ಅಡುಗೆಮನೆಯಲ್ಲಿ ಬೇಕಾದುದು ಇಡೀ ಜೀವಮಾನದ್ದು. ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಎಂಬ ಕಾದಂಬರಿಯಲ್ಲಿಯಂತೂ ಬಾಲ್ಯದಲ್ಲಿಯೇ ವಿಧವೆಯಾದ ವೃದ್ಧೆಯೊಬ್ಬಳು ಕತ್ತಿಯನ್ನೂ ಹಿಡಿಯದೆ, ಊರನ್ನೂ ಬಿಡದೆ, ಬರಿಯ ಮಾತಿನಿಂದಲೇ ಕಥೆಯನ್ನು ಆಳುತ್ತಾಳೆ.

ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಮುಖಗಳಲ್ಲಿ ಹೋಲಿಕೆಯಿಲ್ಲ. ಒಬ್ಬ ರಾಜ, ಒಬ್ಬ ಸೂತನ ಮನೆಯಲ್ಲಿ ಬೆಳೆದವನು, ಒಬ್ಬ ಪತ್ತೇದಾರ, ಒಬ್ಬ ಜೀತಗಾರ, ಒಬ್ಬ ಗೃಹಿಣಿ. ಆದರೆ ಅವರಲ್ಲಿ ಪ್ರತಿಯೊಬ್ಬರನ್ನೂ ಗುರುತಿಸುವ ಒಂದು ಹಟವಿದೆ. ಅವರಿಗೆ ಏನು ಬೇಕೆಂದು ಓದುಗನಿಗೆ ಗೊತ್ತು. ಅದಕ್ಕಾಗಿ ಅವರು ಏನನ್ನು ಕಳೆದುಕೊಳ್ಳಬಲ್ಲರೆಂದೂ ಗೊತ್ತು. ಯಾವುದನ್ನು ಮಾತ್ರ ಎಂದಿಗೂ ಬಿಡಲಾರರೆಂಬುದು ಅದಕ್ಕಿಂತ ಚೆನ್ನಾಗಿ ಗೊತ್ತು. ಇಷ್ಟು ತಿಳಿದ ಮೇಲೆ ಅವರು ಅಪರಿಚಿತರಾಗಿ ಉಳಿಯುವುದಿಲ್ಲ.

ಇತ್ತ ನಡುಮನೆಯಲ್ಲಿ ಹೂವಿನ ಮಾಲೆ ಮುಗಿಯುತ್ತ ಬಂದಿದೆ. ಸೊಸೆ ಧಾರಾವಾಹಿಯ ಪುಟವನ್ನು ಹಿಡಿದು ಅಜ್ಜಿಯ ಬಳಿಗೆ ಬಂದು ಕುಳಿತಿದ್ದಾಳೆ. “ಇಲ್ಲ ಅತ್ತೆ, ಈ ವಾರವೂ ಬರಲಿಲ್ಲ. ಬಾಗಿಲ ತನಕ ಬಂದು, ಒಳಗೆ ಅಪ್ಪನ ದನಿ ಕೇಳಿ, ಹಾಗೆಯೇ ಹಿಂದಿರುಗಿ ಹೋದ.” ಅಜ್ಜಿಯ ಕೈ ಒಂದು ಗಳಿಗೆ ನಿಲ್ಲುತ್ತದೆ. “ಊಟ ಮಾಡಿದ್ದನೋ ಇಲ್ಲವೋ ಪಾಪ,” ಎನ್ನುತ್ತಾರೆ. ಆ ಕಾದಂಬರಿಯನ್ನು ಬರೆಯುತ್ತಿರುವವರು ಯಾರೇ ಆಗಿರಲಿ, ಅವರಿಗೆ ಸಲ್ಲಬೇಕಾದ ಪ್ರಶಸ್ತಿ ಆಗಲೇ ಸಂದಿದೆ.