ಅಟ್ಟಣೆ ಮೇಲಿನ ಸಂಸಾರ

ಧಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ತಾಳವಾಡಿ ಸೀಮೆ. ಜಿಲ್ಲೆ ಈರೋಡು, ಮನೆಮಾತು ಕನ್ನಡ. ಹಿಂದೆ ಎರಡೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು; ಕೊಳ್ಳೇಗಾಲ 1956ರಲ್ಲಿ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ ಎಂಬುದು ನಮಗೆಲ್ಲ ಗೊತ್ತು. ಇಲ್ಲಿಯವರು ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂದು ಕೇಳಿದವರು ಕಡಿಮೆ.

ರಾಗಿಯ ನಡುವೆ ಅಕ್ಕಡಿ ಸಾಲು ಹೊಡೆದು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿದರೆ ಮುದ್ದೆ, ಸಾರು, ಎಣ್ಣೆ, ದನಕ್ಕೆ ಹುಲ್ಲು ಎಲ್ಲ ಒಂದೇ ಹೊಲದಲ್ಲಿ. ಆಮೇಲೆ ಬೋರ್‌ವೆಲ್ ಬಂತು. ಅದರ ಹಿಂದೆ ಕೋಸು, ಟೊಮೆಟೊ, ಆಲೂಗಡ್ಡೆ. ಅದನ್ನು ಹಳಿಯುವುದು ಪೇಟೆಯಲ್ಲಿ ಕೂತು ಬರೆಯುವ ನನ್ನಂಥವನಿಗೆ ಒಪ್ಪುವುದಿಲ್ಲ. ಮಗಳ ಕಾಲೇಜು ಫೀಸು ಮುದ್ದೆಯಿಂದ ಹುಟ್ಟುವುದಿಲ್ಲ. ಆದರೆ ರೇಟು ಬಿದ್ದ ವರ್ಷ ಕೋಸನ್ನು ಹಗೇವಿನಲ್ಲಿ ತುಂಬಿಡಲಾಗದು. ರಾಗಿಯಾದರೆ ವರ್ಷಗಟ್ಟಲೆ ಕಾಯುತ್ತದೆ.

ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆಗೆ ರಾಗಿಯೂ ಸೈ, ಕೋಸೂ ಸೈ. ಕರುಪ್ಪನ್ ಎಂಬ ಗಂಡಾನೆಯನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದರು. ಕಾವಲು ಮಾತ್ರ ನಿಂತಿಲ್ಲ. ಗಂಡ ಅಟ್ಟಣೆಯಲ್ಲಿ, ಹೆಂಡತಿ ಕೊಟ್ಟಿಗೆಯಲ್ಲಿ, ಅಜ್ಜಿ ಬೀಜದ ಮಡಕೆಯ ಮುಂದೆ. ಈ ರಾತ್ರಿಪಾಳಿಯ ಕೂಲಿ ಯಾವ ಸಾಗುವಳಿ ಖರ್ಚಿನ ಪಟ್ಟಿಯಲ್ಲೂ ಇಲ್ಲ.

ವಿಶ್ವಸಂಸ್ಥೆ 2019ರಿಂದ 2028ರವರೆಗೆ ಕುಟುಂಬ ಕೃಷಿಯ ದಶಕ ಎಂದು ಸಾರಿದೆ. ಜಗತ್ತಿನ ಆಹಾರದಲ್ಲಿ, ಮೌಲ್ಯದ ಲೆಕ್ಕಕ್ಕೆ, ಶೇ. 80ರಷ್ಟು ಕುಟುಂಬದ ಹೊಲಗಳದ್ದು ಎಂಬ ಮಾತು ಭಾಷಣಗಳಲ್ಲಿ ಚೆನ್ನಾಗಿ ಓಡುತ್ತದೆ. ಆ ಕುಟುಂಬಗಳಲ್ಲಿ ಸಾವಿರ ಎಕರೆಯ ಅಮೆರಿಕದವನೂ ಇದ್ದಾನೆ. ಎರಡು ಹೆಕ್ಟೇರಿನೊಳಗಿನವರ ಪಾಲು ಶೇ. 35ರ ಆಸುಪಾಸು. ತಮಿಳುನಾಡಿನ ಸರಾಸರಿ ಹಿಡುವಳಿ 0.75 ಹೆಕ್ಟೇರ್, ತಾಳವಾಡಿಯ ಅಟ್ಟಣೆ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

2023ರಲ್ಲಿ ತಮಿಳುನಾಡು ಸರ್ಕಾರ ನೀಲಗಿರಿ, ಧರ್ಮಪುರಿಗಳ ಪಡಿತರದಲ್ಲಿ ಎರಡು ಕಿಲೋ ಅಕ್ಕಿಗೆ ಬದಲು ಎರಡು ಕಿಲೋ ರಾಗಿ ಕೊಡತೊಡಗಿತು. ಒಳ್ಳೆಯ ಕೆಲಸ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಬೆಲೆ ಕೊಟ್ಟು ತಾಳವಾಡಿಯಲ್ಲೂ ಬೆಟ್ಟದ ರಾಗಿಯನ್ನು ಬೆಟ್ಟದಲ್ಲೇ ಕೊಂಡು, ಬೆಟ್ಟದ ನ್ಯಾಯಬೆಲೆ ಅಂಗಡಿಯಲ್ಲೇ ಅಳೆದು ಕೊಡಲಿ. 27 ತಿರುವು ಇಳಿಸಿ ಹತ್ತಿಸುವ ಲಾರಿ ಬಾಡಿಗೆಯೂ ಉಳಿಯುತ್ತದೆ.