ಬಝರ್ ಒತ್ತೋಕೆ ಮುಂಚೆ ಪ್ರಶ್ನೆ ಅರ್ಥ ಆಗ್ಬೇಕಲ್ಲ?

ಈ ವರ್ಷದ ಕ್ವಿಜ್ ಸೀಸನ್ ಮುಗೀತು. ಸೆಪ್ಟೆಂಬರ್‌ನಿಂದ ಮಾರ್ಚ್ ತನಕ ಆರು ಕಡೆ ಆಡಿದ್ವಿ. ನಮ್ಮ ರಾಯಚೂರಲ್ಲೇ ಎರಡು, ಉಳಿದದ್ದು ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು. ಮೂರು ಕಡೆ ಪ್ರಿಲಿಮ್ಸ್ ದಾಟಲಿಲ್ಲ. ಕಲಬುರಗಿಯಲ್ಲಿ ಫೈನಲ್‌ಗೆ ಹೋಗಿ ಆರು ತಂಡಗಳಲ್ಲಿ ಆರನೇ ಸ್ಥಾನ. ರಾಯಚೂರಿನ ಎರಡನೇ ಕ್ವಿಜ್‌ನಲ್ಲಿ ನಾಲ್ಕನೇ ಸ್ಥಾನ. ಹುಬ್ಬಳ್ಳಿಯಲ್ಲಿ ಮೂರನೇ ಸ್ಥಾನ, ಮೂರು ಸರ್ಟಿಫಿಕೇಟ್, ಮೂರು ಜನಕ್ಕೆ ಸೇರಿ ಒಂದು ಪವರ್ ಬ್ಯಾಂಕ್.

ಹುಬ್ಬಳ್ಳಿಯ ಫೋಟೋ ನೀವೆಲ್ಲ ಸ್ಟೇಟಸ್‌ನಲ್ಲಿ ನೋಡಿರ್ತೀರಿ. ಅದರಲ್ಲಿ ಮೂರು ಜನ ಇದ್ದೀವಿ. ಆದರೆ ಸೀಸನ್ ಶುರು ಮಾಡಿದಾಗ ತಂಡದಲ್ಲಿ ನಾಲ್ಕು ಜನ ಇದ್ದರು. ಈ ಲೇಖನ ಆ ನಾಲ್ಕನೆಯವನ ಬಗ್ಗೆ, ಮತ್ತೆ ಮುಂದಿನ ಫೆಸ್ಟ್‌ನಲ್ಲಿ ನಮ್ಮ ಕಾಲೇಜಿನ ಕ್ವಿಜ್ ಹೇಗಿರಬೇಕು ಅನ್ನೋದರ ಬಗ್ಗೆ.

ಅವನನ್ನ ಎಲ್ಲರೂ 'ಮಾನ್ವಿ' ಅಂತ ಕರೀತೀವಿ, ಊರು ಅದೇ ಆಗಿರೋದರಿಂದ. ಹತ್ತನೇ ಕ್ಲಾಸಿನ ತನಕ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಉಳಿದ ಮೂವರಲ್ಲಿ ಇಬ್ಬರು ರಾಯಚೂರು ಸಿಟಿ, ಒಬ್ಬಳು ದೇವದುರ್ಗ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಇಲ್ಲಿ 'ನಾವು' ಅಂತ ಬರೀತಿರೋದು ಈ ಮೂವರು.

ಕ್ವಿಜ್ ನೋಡದವರಿಗೆ ಮೊದಲು ಸ್ವಲ್ಪ ಹೇಳಿಬಿಡ್ತೀವಿ. ಫೈನಲ್‌ನಲ್ಲಿ ಪ್ರಶ್ನೆ ಸ್ಲೈಡ್ ಮೇಲೆ ಬರುತ್ತೆ. ಸರದಿ ಇರೋ ತಂಡಕ್ಕೆ ಗೊತ್ತಿಲ್ಲ ಅಂದ್ರೆ ಮುಂದಿನ ತಂಡಕ್ಕೆ ಹೋಗುತ್ತೆ, ಅದು ಬೌನ್ಸ್. ಸರದಿ ಇಲ್ಲದಿದ್ದರೂ ಉತ್ತರ ಖಚಿತವಾಗಿ ಗೊತ್ತಿದ್ದರೆ ಮೊದಲೇ ಚೀಟಿಯಲ್ಲಿ ಬರೆದು ಕೊಡಬಹುದು, ಅದು ಪೌನ್ಸ್. ತಪ್ಪಾದರೆ ಅಂಕ ಕಳೀತಾರೆ. ಬಝರ್ ರೌಂಡ್‌ನಲ್ಲಿ ಮೊದಲು ಒತ್ತಿದವರಿಗೆ ಮೊದಲ ಅವಕಾಶ. ಎಲ್ಲದಕ್ಕೂ ಸಮಯ ಸೆಕೆಂಡುಗಳ ಲೆಕ್ಕದಲ್ಲಿ.

ಕಲಬುರಗಿ ಫೈನಲ್‌ನಲ್ಲಿ ಒಂದು ಸ್ಲೈಡ್ ಬಂತು. ಆರು ಸಾಲು ಇಂಗ್ಲಿಷ್. 1915ರಲ್ಲಿ ನಿಜಾಮರ ರಾಜ್ಯದಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್‌ಗೆ ಬಂಡೆಯ ಮೇಲೆ ಒಂದು ಬರಹ ಸಿಕ್ಕಿತು, ಆ ಊರು ಯಾವುದು ಅಂತ ಪ್ರಶ್ನೆ. ಮಾನ್ವಿ ನಾಲ್ಕನೇ ಸಾಲಿಗೆ ಬರೋಷ್ಟರಲ್ಲಿ ನಾವು ಚೀಟಿಯಲ್ಲಿ 'ಹಟ್ಟಿ' ಅಂತ ಬರೆದಾಗಿತ್ತು. ಚಿನ್ನ ಅಂದ್ರೆ ಹಟ್ಟಿ, ನಮ್ಮ ಲೆಕ್ಕ ಅಷ್ಟೇ.

"ತಡಿರಿ, ಹಟ್ಟಿ ಅಲ್ಲ ಅನಸ್ತದ. ಕಲ್ಲಿನ ಮ್ಯಾಲ ಬರದದ್ದು ಅಂದ್ರ ಮಸ್ಕಿ ಇರಬೇಕು," ಅಂದ.

"ಗೋಲ್ಡ್ ಅಂತ ಹಾಕ್ಯಾರಲ್ಲೋ. ಟೈಮ್ ಇಲ್ಲ, ಚೀಟಿ ಕೊಡು."

ಉತ್ತರ ಮಸ್ಕಿ. ಚೀಟಿ ಕೊಟ್ಟಿದ್ದಕ್ಕೆ ನಮಗೆ ಮೈನಸ್.

ಆಮೇಲೆ ಕೂತು ಓದಿದ್ವಿ. ಬ್ರಾಹ್ಮಿ ಲಿಪಿಯನ್ನ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಓದಿದ್ದರೂ, ಅಲ್ಲಿ ತನಕ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದಿನಿಂದಲೇ ಕರೆದಿತ್ತು. ಆ ರಾಜ ಅಶೋಕನೇ ಅಂತ ಶಾಸನದಲ್ಲೇ ಹೆಸರು ಸಿಕ್ಕಿದ್ದು ಮೊದಲು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳಂನಲ್ಲೂ ಹೆಸರಿರೋ ಶಾಸನಗಳು ಸಿಕ್ಕವು. ಇಷ್ಟು ದೊಡ್ಡ ವಿಷಯ ನಮ್ಮ ಜಿಲ್ಲೆಯದ್ದು. ರೊಸೆಟ್ಟಾ ಕಲ್ಲಿನ ಬಗ್ಗೆ ನಾವು ಐದು ನಿಮಿಷ ನಿಲ್ಲಿಸದೆ ಮಾತಾಡ್ತೀವಿ. ಮಸ್ಕಿ ಅನ್ನೋ ಹೆಸರನ್ನ ಬಸ್ಸಿನ ಬೋರ್ಡ್ ಮೇಲೆ ಬಿಟ್ಟು ಬೇರೆ ಎಲ್ಲೂ ಓದಿರಲಿಲ್ಲ.

ಇದಾದ ಮೇಲೆ ನಾವು ಅವನ ಮಾತು ಕೇಳೋಕೆ ಶುರು ಮಾಡಿದ್ವಿ ಅಂದ್ಕೊಂಡಿರಾ? ಇಲ್ಲ. ಬಳ್ಳಾರಿಯಲ್ಲಿ ಪ್ರಿಲಿಮ್ಸ್‌ನಲ್ಲೇ ಔಟ್ ಆದ್ವಿ. ವಾಪಸ್ ಬರೋ ಬಸ್ಸಿನಲ್ಲಿ ತಪ್ಪು ಯಾರದ್ದು ಅನ್ನೋ ಚರ್ಚೆ ನಡೀತು. ಅವನು ಕಿಟಕಿ ಪಕ್ಕ ಕೂತು ನಿದ್ದೆ ಬಂದವರ ಥರ ಇದ್ದ. ಹುಬ್ಬಳ್ಳಿಯಲ್ಲಿ ತಂಡಕ್ಕೆ ಮೂರೇ ಜನ ಅನ್ನೋ ರೂಲ್ ಇತ್ತು. ವಾಟ್ಸಾಪ್ ಗ್ರೂಪ್‌ನಲ್ಲಿ ನಾವು ಬರೆದ ಮೆಸೇಜ್ ಈಗಲೂ ಇದೆ: 'ಮಾನ್ವಿಗೆ ನಾಲೆಜ್ ಇದೆ, ಸ್ಪೀಡ್ ಇಲ್ಲ. ಈ ಸಲ ಮೂರು ಜನ ಹೋಗಿ ಬರ್ತೀವಿ.' ಅವನು ಒಂದು ಥಂಬ್ಸ್ ಅಪ್ ಹಾಕಿದ. ಕೆಳಗೆ 'ಆಲ್ ದಿ ಬೆಸ್ಟ್'.

ಮುಂದೆ ಕಥೆ ಸಿನಿಮಾ ಥರ ತಿರುಗಲಿಲ್ಲ. ಅವನನ್ನ ಬಿಟ್ಟು ಹೋಗಿ ನಾವು ಸೋತು ಬುದ್ಧಿ ಕಲೀಲಿಲ್ಲ, ಮೂರನೇ ಸ್ಥಾನ ತಗೊಂಡು ಬಂದ್ವಿ. ಅಲ್ಲಿ ಬಝರ್ ರೌಂಡ್ ಜಾಸ್ತಿ ಇತ್ತು, ನಾವು ಬೇಗ ಒತ್ತಿದ್ವಿ. ಅಂದರೆ ಆಟದ ರೂಲ್ ಪ್ರಕಾರ ನಮ್ಮ ನಿರ್ಧಾರ ಸರಿ. ನಮ್ಮನ್ನ ಕಾಡ್ತಿರೋದೂ ಅದೇ. ಗೊತ್ತಿರೋನನ್ನ ಹೊರಗಿಟ್ಟು, ಬೇಗ ಓದೋರನ್ನ ಒಳಗಿಟ್ಟರೆ ಬಹುಮಾನ ಬರುತ್ತೆ ಅಂದ್ರೆ ಆ ಆಟ ಅಳೀತಿರೋದು ಏನನ್ನ?

ಭಾರತದಲ್ಲಿ ಈ ಆಟ ಬೆಳೆದಿದ್ದೇ ಇಂಗ್ಲಿಷ್‌ನಲ್ಲಿ, ಅದೂ ದೊಡ್ಡ ಊರುಗಳಲ್ಲಿ. 1967ರಲ್ಲಿ ಕೋಲ್ಕತ್ತದಲ್ಲಿ ನೀಲ್ ಒ'ಬ್ರಿಯನ್ ಶುರು ಮಾಡಿದರು. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ಕನ್ನಡದಲ್ಲಿ ಆಗಲ್ಲ ಅನ್ನೋಕೂ ಆಗಲ್ಲ. 2002ರಿಂದ ಚಂದನದಲ್ಲಿ ನಾ. ಸೋಮೇಶ್ವರ ಅವರು 'ಥಟ್ ಅಂತ ಹೇಳಿ' ನಡೆಸಿಕೊಂಡು ಬಂದಿದ್ದಾರೆ. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ. ನಮ್ಮ ಮನೆಗಳಲ್ಲಿ ಅಜ್ಜಂದಿರು ಟಿವಿ ಮುಂದೆ ಕೂತು ಜೋರಾಗಿ ಉತ್ತರ ಹೇಳ್ತಿದ್ರು. ನಾವು ರಿಮೋಟ್ ಕಿತ್ಕೊಂಡು ಕಾರ್ಟೂನ್ ಹಾಕ್ತಿದ್ವಿ.

ರಾಯಚೂರಿನ ಎರಡನೇ ಕ್ವಿಜ್‌ಗೆ ಮುಂಚೆ ಒಂದು ಸಂಜೆ ಕಾಲೇಜಿನ ಹೊರಗೆ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೂತಿದ್ವಿ. ಮಾನ್ವಿನೂ ಬಂದಿದ್ದ, ತಂಡದಲ್ಲಿ ಇಲ್ಲದಿದ್ದರೂ. ಒಬ್ಬೊಬ್ಬರು ಒಂದೊಂದು ಪ್ರಶ್ನೆ ಮಾಡಿ ಕೇಳಬೇಕು ಅಂತ ಆಟ. ನಮ್ಮದೆಲ್ಲ ನೆಟ್‌ನಲ್ಲಿ ಸಿಗೋ ಲೋಗೋ, ಸ್ಟಾರ್ಟಪ್ ಪ್ರಶ್ನೆಗಳು. ಅವನ ಸರದಿ ಬಂದಾಗ ಮೂರು ಊರಿನ ಹೆಸರು ಹೇಳಿದ: "ಚೀಕಲಪರ್ವಿ, ಮೊಸರಕಲ್ಲು, ಬ್ಯಾಗವಟ್. ಈ ಮೂರೂ ಊರಾಗ ಹುಟ್ಟಿದ ಮೂರು ಮಂದಿ ಸಹಿ ಮಾಡಿದ್ರ ಅದ್ರಾಗ ಒಂದ ಹೆಸರು ಬರ್ತದ. ಯಾವ್ದು?"

ನಾವು ಮೂವರೂ ಸುಮ್ಮನೆ ಕೂತ್ವಿ. ದೇವದುರ್ಗದವಳು, "ಮೊಸರಕಲ್ಲು ನಮ್ಮ ತಾಲ್ಲೂಕೇ, ಅಲ್ಲಿ ನಮ್ಮ ದೊಡ್ಡಮ್ಮ ಇರ್ತಾರ," ಅಂದಳು. ಅದರ ಮುಂದೆ ಏನೂ ಗೊತ್ತಿರಲಿಲ್ಲ.

ಉತ್ತರ: ವಿಠ್ಠಲ. ಚೀಕಲಪರ್ವಿ ವಿಜಯದಾಸರ ಊರು, ಮೊಸರಕಲ್ಲು ಗೋಪಾಲದಾಸರದ್ದು, ಬ್ಯಾಗವಟ್ ಜಗನ್ನಾಥದಾಸರದ್ದು. ಒಬ್ಬರಿಂದ ಒಬ್ಬರಿಗೆ ಬಂದ ಗುರುಶಿಷ್ಯ ಸಾಲು. ಸಹಿ ಅಂದ್ರೆ ಅಂಕಿತ: ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ. ಮಾನ್ವಿ, ದೇವದುರ್ಗ ತಾಲ್ಲೂಕು ಬಿಟ್ಟು ಹೊರಗೆ ಹೋಗದೆ ಅವನು ಪ್ರಶ್ನೆ ಮುಗಿಸಿದ್ದ. ಅವನೇನು ಪಂಡಿತ ಅಲ್ಲ, ಅಜ್ಜಿ ಬೆಳಗ್ಗೆ ಹಾಡೋದು ಕೇಳಿ ಬೆಳೆದವನು. ಆದರೆ ಪ್ರಶ್ನೆ ಕಟ್ಟಿದ ರೀತಿ ನೋಡಿ. ಊರು ಗೊತ್ತಿಲ್ಲದವರೂ 'ಸಹಿ' ಅನ್ನೋ ಪದ ಹಿಡಿದು ಯೋಚಿಸಿದರೆ ಅಂಕಿತಕ್ಕೆ ಹೋಗಬಹುದು, ಅಂಕಿತದಿಂದ ವಿಠ್ಠಲನಿಗೆ ಹೋಗಬಹುದು. ಒಳ್ಳೆ ಕ್ವಿಜ್ ಮಾಸ್ಟರ್‌ಗಳು ಮಾಡೋದು ಇದನ್ನೇ, ಬಾಯಿಪಾಠದಿಂದ ಸಿಗದ ಉತ್ತರ ಯೋಚನೆಯಿಂದ ಸಿಗಬೇಕು. ಇಡೀ ಸೀಸನ್‌ನಲ್ಲಿ ನಾವು ಕೇಳಿದ ಒಳ್ಳೆ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳಿದವನು ತಂಡದಲ್ಲಿ ಇರಲಿಲ್ಲ.

ಈಗ ನಮ್ಮ ಬೇಡಿಕೆಗೆ ಬರ್ತೀವಿ. ಮುಂದಿನ ಫೆಸ್ಟ್‌ನ ಕ್ವಿಜ್‌ನಲ್ಲಿ ಮೂರು ಬದಲಾವಣೆ ಆಗಬೇಕು.

ಒಂದು, ಪ್ರತಿ ಸ್ಲೈಡ್ ಎರಡೂ ಭಾಷೆಯಲ್ಲಿ ಇರಬೇಕು, ಉತ್ತರ ಯಾವ ಭಾಷೆಯಲ್ಲಿ ಹೇಳಿದರೂ ನಡೀಬೇಕು.

ಎರಡು, ಪ್ರಶ್ನೆ ಓದಿ ಮುಗಿಸಿದ ಮೇಲೆ ಐದು ಸೆಕೆಂಡ್ ಬಿಟ್ಟು ಬಝರ್ ಆನ್ ಆಗಬೇಕು. ಅರ್ಧ ಪ್ರಶ್ನೆಗೇ ಒತ್ತಿ ಅದೃಷ್ಟ ನೋಡೋದು ನಿಲ್ಲಬೇಕು.

ಮೂರು, ಮೂರರಲ್ಲಿ ಒಂದು ಭಾಗ ಪ್ರಶ್ನೆ ನಮ್ಮ ಜಿಲ್ಲೆಯ ಸುತ್ತ ಇರಬೇಕು. ಕೋಟೆ, ಯುದ್ಧ ಅಷ್ಟೇ ಅಲ್ಲ. ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕ, 250ರ ಒಂದು, ಒಟ್ಟು 1720 ಮೆಗಾವ್ಯಾಟ್. ಅದನ್ನ ಕೃಷ್ಣಾ ನದಿ ಪಕ್ಕದಲ್ಲೇ ಯಾಕೆ ಕಟ್ಟಿದರು ಅಂತ ಕೇಳಿದರೆ ಮೆಕ್ಯಾನಿಕಲ್‌ನವರೂ ಎಲೆಕ್ಟ್ರಿಕಲ್‌ನವರೂ ತಲೆ ಕೆರ್ಕೊಬೇಕು.

ನಾವು ಇದನ್ನ ಕ್ಲಾಸಿನಲ್ಲಿ ಹೇಳಿದಾಗ ಬಂದ ಮಾತು: 'ಎಂಜಿನಿಯರಿಂಗ್ ಇಂಗ್ಲಿಷ್‌ನಲ್ಲಿದೆ, ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿದೆ, ಕ್ವಿಜ್ ಮಾತ್ರ ಯಾಕೆ ಕನ್ನಡದಲ್ಲಿ?' ಇಂಗ್ಲಿಷ್ ತೆಗೀರಿ ಅಂತ ನಾವು ಹೇಳ್ತಿಲ್ಲ. ನಮ್ಮ ಕ್ಲಾಸಿನಲ್ಲೇ ಮನೆಯಲ್ಲಿ ತೆಲುಗು, ಉರ್ದು ಮಾತಾಡೋ ಗೆಳೆಯರಿದ್ದಾರೆ, ಅವರಿಗೆ ಇಂಗ್ಲಿಷ್ ಸ್ಲೈಡ್ ಬೇಕು, ಇರಲಿ. ಜೊತೆಗೆ ಕನ್ನಡವೂ ಇರಲಿ. ಜೆಇಇ ಮೇನ್ ಪರೀಕ್ಷೆಯನ್ನೇ 2021ರಿಂದ ಕನ್ನಡದಲ್ಲೂ ಬರೀಬಹುದು. ದೇಶಕ್ಕೆಲ್ಲ ನಡೆಯೋ ಪರೀಕ್ಷೆ ಮಾಡಿದ್ದನ್ನ ನಮ್ಮ ಆಡಿಟೋರಿಯಂನ ಪ್ರೊಜೆಕ್ಟರ್ ಮಾಡೋಕಾಗಲ್ವಾ?

ಇನ್ನೊಂದು ಮಾತು, 'ಹೊರಗಡೆ ಕ್ವಿಜ್‌ಗಳು ಇಂಗ್ಲಿಷ್‌ನಲ್ಲೇ ಇರ್ತವೆ, ಇಲ್ಲಿ ಕನ್ನಡ ಕೊಟ್ಟು ಅಭ್ಯಾಸ ಕೆಡಿಸಬೇಡಿ.' ಇದರಲ್ಲಿ ಸ್ವಲ್ಪ ನಿಜ ಇದೆ. ಬೆಂಗಳೂರಲ್ಲಿ ನಮಗೂ ಯಾರೂ ರಿಯಾಯಿತಿ ಕೊಡಲಿಲ್ಲ, ಪ್ರಿಲಿಮ್ಸ್‌ನಲ್ಲೇ ಮನೆಗೆ ಕಳಿಸಿದರು. ಆದರೆ ಮೊದಲ ವರ್ಷದಲ್ಲೇ ವೇದಿಕೆ ಹತ್ತದವನು ಮೂರನೇ ವರ್ಷದಲ್ಲಿ ಬೆಂಗಳೂರಿಗೆ ಹೇಗೆ ಹೋಗ್ತಾನೆ? ಮೊದಲ ಮೆಟ್ಟಿಲು ಮನೆ ಹತ್ತಿರ ಇರಬೇಕು.

ಕೆಲಸ ಜಾಸ್ತಿ ಆಗುತ್ತೆ ಅನ್ನೋರಿಗೆ: ಅನುವಾದ ನಮ್ಮ ಕನ್ನಡ ಬಳಗ ಮಾಡಲಿ. ಮೂವತ್ತು ಪ್ರಶ್ನೆ, ನಾಲ್ಕು ಜನ, ಎರಡು ಸಂಜೆ. ಮೊದಲ ವರ್ಷ ಸಾಂಸ್ಕೃತಿಕ ಕನ್ನಡ ಪೇಪರ್ ಬರೆದು ಪಾಸಾಗಿ ಪುಸ್ತಕ ಮಾರಿದವರಲ್ಲಿ ನಾವೂ ಇದ್ದೀವಿ, ನಾವೇ ಮೊದಲು ಹೆಸರು ಕೊಡ್ತೀವಿ.

ಈ ಲೇಖನ ಕಳಿಸೋ ಮುಂಚೆ ಮಾನ್ವಿಗೆ ಓದೋಕೆ ಕೊಟ್ವಿ. ವಾಟ್ಸಾಪ್ ಮೆಸೇಜ್ ವಿಷಯ ಬರೆಯೋದು ಬೇಡ ಅಂದರೆ ತೆಗೀತೀವಿ ಅಂತಾನೂ ಹೇಳಿದ್ವಿ. ಇರಲಿ ಬಿಡ್ರಿ ಅಂದ. ಹನ್ನೊಂದು ಕಾಗುಣಿತ ತಪ್ಪು ತಿದ್ದಿ ವಾಪಸ್ ಕೊಟ್ಟ, 'ವಿಠ್ಠಲ' ಬರೆಯೋದು ಹೇಗೆ ಅನ್ನೋದೂ ಅದರಲ್ಲಿ ಸೇರಿ. ಸಾರಿ ಕೇಳಿದ್ವಿ. ಸೆಪ್ಟೆಂಬರ್‌ಗೆ ಮತ್ತೆ ತಂಡಕ್ಕೆ ಬರ್ತೀಯಾ ಅಂತ ಕೇಳಿದ್ವಿ.

"ಮೊದ್ಲ ನಮ್ಮ ಫೆಸ್ಟಿನ ಸ್ಲೈಡ್ ತೋರಸ್ರಿ, ಆಮ್ಯಾಲ ನೋಡೋಣ," ಅಂದ.