ನಾಯಿಕೊಡೆಗೆ ಗಡಿ ಇಲ್ಲ, ಎಚ್ಚರಿಕೆಗೆ ಮಾತ್ರ ಯಾಕೆ?

ಮಿರಗದ ಮಳೆ ಬಿದ್ದು, ನಾಲ್ಕು ದಿನ ಬಿಸಿಲು ಕಾಯ್ದು, ಮತ್ತೊಂದು ಸಲ ಗುಡುಗು ಸಿಡಿಲಿನ ಮಳೆ ಆಯಿತೆಂದರೆ ಸಾಕು, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸುತ್ತಿನ ಗಾಯರಾಣಗಳಲ್ಲಿ ಬಿಳಿ ಕೊಡೆಗಳು ಏಳುತ್ತವೆ. ದನ ಕಾಯುವವರು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬರುತ್ತಾರೆ. ಆ ರಾತ್ರಿ ಓಣಿ ತುಂಬ ಖಾರ, ಬಳ್ಳೊಳ್ಳಿ ಹಾಕಿದ ಅಣಬಿ ಪಲ್ಯದ ವಾಸನೆ. 'ಇದರ ಮುಂದ ಮಟನ್ ಯಾಕ ಬೇಕ್ರಿ' ಅನ್ನುವವರು ನಮ್ಮಲ್ಲಿ ಬಹಳ ಮಂದಿ.

ಅದೇ ಗಾಯರಾಣದಲ್ಲಿ, ಅದೇ ಮಳೆಗೆ, ಅದೇ ಬಿಳಿ ಬಣ್ಣದಲ್ಲಿ ವಿಷವೂ ಏಳುತ್ತದೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ರಾಯಚೂರಿನಲ್ಲಿ ಇಪ್ಪತ್ತು ವರ್ಷ ನೌಕರಿ ಮಾಡಿ ಮಕ್ತಲ್ ಹತ್ತಿರದ ನಮ್ಮೂರಿಗೆ ಮರಳಿದ ಮೇಲೆ ನನಗೂ ಅಣಬೆಯ ಹುಚ್ಚು ಹತ್ತಿತು. ಮೊದಲ ವಾರವೆಲ್ಲ ಬರಿಗೈ. ದನಗಾಹಿಗಳು ನಸುಕಿನಲ್ಲೇ ಕಿತ್ತುಕೊಂಡು ಹೋಗಿರುತ್ತಿದ್ದರು. ಚಹಾ ಕುಡಿದು ಎಂಟಕ್ಕೆ ಹೊರಡುವ ನನಗೆ ಸಿಗುತ್ತಿದ್ದದ್ದು ಹುಳ ಬಿದ್ದು ಕಪ್ಪಾದವು, ಇಲ್ಲವೇ ಸಗಣಿ ಮೇಲೆ ಎದ್ದ ಕಡ್ಡಿಯಂಥ ಕಾಲಿನ ಸಣ್ಣವು. 'ಎಲ್ಲಿ ಸಿಗ್ತಾವ' ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಅವರವರ ಜಾಗ ಅವರವರ ಗುಟ್ಟು. ಒಬ್ಬ ತೆಲುಗು ಗೆಳೆಯ ಮಾತ್ರ 'ಪುಟ್ಟಗೊಡುಗು ನೋಡಿ ಕೀಳು, ಬೇರೆ ಮುಟ್ಟಬೇಡ' ಅಂದ. ಶಾಲೆಯ ಕನ್ನಡ ಓದಿದ ನನ್ನ ತಲೆಗೆ ಪುಟ್ಟ ಅಂದರೆ ಸಣ್ಣದು. ಸಣ್ಣ ಕೊಡೆ ಅಂದುಕೊಂಡೆ.

ಎಂಟನೆಯ ದಿನ ಹುಲ್ಲಿನ ನಡುವೆ ಬಳೆಯಾಕಾರದಲ್ಲಿ ಹತ್ತಾರು ಕೊಡೆಗಳು ಕಂಡವು. ಬಿಳಿ ಟೊಪ್ಪಿಗೆ, ಮೇಲೆ ಕಂದು ಚಕ್ಕೆ, ಕಾಲಿಗೆ ಉಂಗುರ. ಅವುಗಳಲ್ಲಿ ಇನ್ನೂ ಬಿಚ್ಚದ ಪುಟ್ಟವನ್ನೇ ಆರಿಸಿ ಚೀಲ ತುಂಬಿಕೊಂಡು ಬಂದೆ. ಮನೆಯಲ್ಲಿ ನಾನು, ನಮ್ಮ ಮನೆಯಾಕೆ, ರಜೆಗೆ ಬಂದಿದ್ದ ಅಕ್ಕನ ಮಗ. ಆರು ವರ್ಷದ ಹುಡುಗ. ಮನೆಯಾಕೆಗೆ ಅಣಬೆ ಸೇರದು. ನಾವಿಬ್ಬರೂ ಉಂಡೆವು. ಎರಡು ತಾಸಿನೊಳಗೆ ಇಬ್ಬರಿಗೂ ವಾಂತಿ, ಭೇದಿ. ಹುಡುಗನ ಕಣ್ಣು ಒಳಗೆ ಹೋದವು.

ಪಕ್ಕದ ಮನೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಅಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ ಒಂದೇ: 'ತಿಂದು ಎಷ್ಟು ತಾಸಿಗೆ ವಾಂತಿ ಶುರುವಾಯಿತು?' ಕೇಳಿದ್ದು ತೆಲುಗಿನಲ್ಲಿ. ಮನೆಯಾಕೆ ಯಾದಗಿರಿ ಕಡೆಯವರು. ಅವರಿಗೆ ತೆಲುಗು ಓದಲಿಕ್ಕೂ ಬಾರದು, ಸರಿಯಾಗಿ ತಿಳಿಯದು. ಎಷ್ಟು ಸಲ ವಾಂತಿ ಆಯಿತೆಂದು ಕೇಳುತ್ತಿದ್ದಾರೆ ಎಂದು ತಿಳಿದು 'ಎಂಟು, ಹತ್ತು' ಅಂದುಬಿಟ್ಟರು. ಕನ್ನಡ ಬಲ್ಲ ನರ್ಸಮ್ಮ ಒಬ್ಬರು ಬಂದು ತಿಳಿಸಿ ಹೇಳುವವರೆಗೆ ವೈದ್ಯರ ಮುಖ ಬಾಡಿತ್ತು. ಯಾಕೆಂದು ನನಗೆ ಆಮೇಲೆ ತಿಳಿಯಿತು.

ನಾವು ತಿಂದದ್ದಕ್ಕೆ ವಿಜ್ಞಾನಿಗಳು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಅನ್ನುತ್ತಾರೆ. ಹುಲ್ಲು ಬೆಳೆಯುವ ಕಡೆ ಸಾಮಾನ್ಯ. ಒಂದರಿಂದ ಮೂರು ತಾಸಿನಲ್ಲಿ ಹೊಟ್ಟೆ ಕಿತ್ತು ಬರುತ್ತದೆ. ಸಲೈನ್ ಹಾಕಿದರೆ ಬಹುತೇಕ ಮಂದಿ ಉಳಿಯುತ್ತಾರೆ. ಆದರೆ ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಹಾಗಲ್ಲ. ತಿಂದು ಆರು ತಾಸು, ಹನ್ನೆರಡು ತಾಸು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ಆರಾಮ ಆದಂತೆ ಕಾಣುತ್ತದೆ, ಮನೆಯವರು 'ಗೆದ್ದೆವು' ಅನ್ನುತ್ತಾರೆ. ಒಳಗೆ ಲಿವರ್ ಸಾಯುತ್ತಿರುತ್ತದೆ. ಅದಕ್ಕೇ 'ಎಷ್ಟು ತಾಸಿಗೆ' ಎಂಬ ಮಾತು ಜೀವ ಉಳಿಸುವ ಮಾತು. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬದವರು. ಅವರೂ ನಮ್ಮಂತೆಯೇ ಪಲ್ಯಕ್ಕೆಂದು ಕಿತ್ತು ತಂದವರು.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಓಣಿಯ ದನ ಕಾಯುವ ಆಯಿ ಒಬ್ಬರು ಬಂದು, ಉಳಿದಿದ್ದ ಅಣಬೆ ಮುರಿದು ನೋಡಿ ಬೈದರು. 'ನಾಯಿಕೊಡಿ ತಂದು ತಿಂದೀಯಲ್ಲೋ ತಮ್ಮಾ! ಪುಟ್ಟ ಅಂದ್ರ ಹುತ್ತ. ಹುತ್ತಿನ ಮ್ಯಾಲಿನದು ತಾರೋ ಅಂದ್ರ ಬಯಲಾಗಿಂದು ತಂದೀ.'

ಹೌದು, ತೆಲುಗಿನ ಪುಟ್ಟ ಅಂದರೆ ನಮ್ಮ ಹುತ್ತ. ಗೊಡುಗು ಅಂದರೆ ಕೊಡೆ. ತೆಲುಗರೂ ಕೆಟ್ಟ ಅಣಬೆಗೆ ಕುಕ್ಕಗೊಡುಗು ಅನ್ನುತ್ತಾರೆ, ನಾವು ನಾಯಿಕೊಡೆ ಅನ್ನುತ್ತೇವೆ. ಎರಡೂ ಭಾಷೆಯ ಹಿರಿಯರು ಒಂದೇ ಪಾಠವನ್ನು ಹೆಸರಿನಲ್ಲೇ ಇಟ್ಟಿದ್ದರು. ಈಗ ಆ ಹೆಸರು ಎಲ್ಲ ಅಣಬೆಗೂ ಸಲ್ಲುತ್ತಿದೆ, ಪೇಟೆಯಲ್ಲಿ ಪ್ಯಾಕೆಟ್‌ನಲ್ಲಿ ಬರುವುದಕ್ಕೂ ಪುಟ್ಟಗೊಡುಗು ಎಂದೇ ಹೆಸರು. ನಮ್ಮ ಮಕ್ಕಳಿಗಂತೂ ಎರಡೂ ಇಲ್ಲ, ಬರೀ ಮಶ್ರೂಮ್.

ಹುತ್ತದ ಅಣಬೆಯ ಕಥೆಯೇ ಬೇರೆ. ಗೆದ್ದಲು ಒಣಹುಲ್ಲು, ಎಲೆ ಕಡಿದು ಒಯ್ದು, ಹುತ್ತದೊಳಗೆ ಅದರಿಂದ ಗೂಡು ಕಟ್ಟಿ ಅಣಬೆ ಬೆಳೆಸುತ್ತದೆ. ಅದೇ ಅದರ ಹೊಲ. ಮಳೆ ಬಿದ್ದಾಗ ಆ ಬೆಳೆಯೇ ನೆಲ ಸೀಳಿಕೊಂಡು ಮೇಲೆ ಬರುತ್ತದೆ. ಅದಕ್ಕೇ ಇದರ ಬಹಳಷ್ಟು ಜಾತಿಗಳ ಕಾಲು ನೆಲದಾಳಕ್ಕೆ ಬೇರಿನಂತೆ ಇಳಿದಿರುತ್ತದೆ, ಟೊಪ್ಪಿಗೆಯ ನಡುವೆ ಗಟ್ಟಿ ಮೊನೆ ಇರುತ್ತದೆ.

ಹೊಸಬರಿಗೆ ನಾನು ಹೇಳುವುದು ಇಷ್ಟು. ಕತ್ತರಿಸಬೇಡಿ, ಬುಡದವರೆಗೆ ಅಗೆದು ನೋಡಿ. ಬುಡದಲ್ಲಿ ಬಟ್ಟಲಿನಂಥ ಚೀಲ, ಕಾಲಿಗೆ ಉಂಗುರ ಇದ್ದರೆ ಬಿಟ್ಟು ಬನ್ನಿ. ಸಗಣಿ ಮೇಲಿನದು ಬೇಡ, ಅವುಗಳಲ್ಲಿ ಕೆಲವು ತಲೆ ಕೆಡಿಸುತ್ತವೆ. ಬಿಳಿ ಕಾಗದದ ಮೇಲೆ ಟೊಪ್ಪಿಗೆ ಮಗುಚಿ, ಲೋಟ ಮುಚ್ಚಿ ರಾತ್ರಿ ಇಟ್ಟರೆ ಅದರ ಪುಡಿ ಉದುರುತ್ತದೆ. ಹಸಿರು ಉದುರಿದರೆ ಅದು ನಾನು ತಿಂದ ವಿಷ. ಎಳೆಯದರ ಒಳಪದರ ಬೆಳ್ಳಗೇ ಇರುತ್ತದೆ, ನಾನು ಮೋಸ ಹೋದದ್ದು ಅಲ್ಲೇ. ಗದ್ವಾಲ್ ಕಡೆ ಹತ್ತಿಬೀಜದ ಹೊಲಗಳು ಬಹಳ, ಔಷಧ ಹೊಡೆದ ಹೊಲದ ಬದುವಿನದು ಒಳ್ಳೆಯ ಅಣಬೆಯಾದರೂ ಮುಟ್ಟಬೇಡಿ. ಇವೆಲ್ಲ ಬಿಸಾಡಲಿಕ್ಕೆ ಗುರುತು, ತಿನ್ನಲಿಕ್ಕೆ ಅಲ್ಲ. ತಿನ್ನುವ ಮುಂಚೆ ಬಲ್ಲ ಹಿರಿಯರ ಕಣ್ಣಿಗೆ ಬೀಳಲೇಬೇಕು. ಮೊದಲ ವರ್ಷ ನೋಡಿ ಕಲಿಯಿರಿ ಸಾಕು.

ಅಕ್ಕಿ ಹಾಕಿದರೆ ಕೆಂಪಾಗುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ದನ ಮೇಯ್ದರೆ ಮನುಷ್ಯರೂ ತಿನ್ನಬಹುದು ಎಂಬುದೆಲ್ಲ ಸುಳ್ಳು. ಅಮಾನಿಟಾದ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದು ತೊಂದರೆ ಆದರೆ 108ಕ್ಕೆ ಕರೆ ಮಾಡಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ, ಎಷ್ಟು ತಾಸಿಗೆ ಶುರುವಾಯಿತೆಂದು ಹೇಳಿ.

'ಹಂಗಾದ್ರ ತಿನ್ನೋದೇ ಬಿಡಬೇಕೇನ್ರಿ?' ಎಂದು ಕೇಳುವವರಿದ್ದಾರೆ. ಬಿಡಬೇಕಾಗಿಲ್ಲ. ಬಡವರ ಮನೆಗೆ ಮಳೆಗಾಲದಲ್ಲಿ ಪುಕ್ಕಟೆ ಸಿಗುವ ಒಳ್ಳೆಯ ಊಟ ಅದು. ಕಲಿಸುವವರಿರಬೇಕು ಅಷ್ಟೇ. ಮೊದಲು ದನ ಕಾಯಲು ಹೋದ ಹುಡುಗ ಅಜ್ಜನ ಬೆನ್ನಿಗೆ ಕಲಿಯುತ್ತಿದ್ದ. ಈಗ ಹುಡುಗರು ಬಸ್ಸು ಹತ್ತಿ ಶಾಲೆಗೆ ಹೋಗುತ್ತಾರೆ, ಅದು ಒಳ್ಳೆಯದೇ. ಕರ್ನಾಟಕದ ಕಡೆ ಗಾಯರಾಣ, ಇಲ್ಲಿನ ಮಾತಿನಲ್ಲಿ ಬಂಚರಾಯಿ ಎನ್ನುವ ಆ ನೆಲವೂ ಒತ್ತುವರಿಯಾಗಿ ಸಣ್ಣದಾಗುತ್ತಿದೆ. ಜೆಸಿಬಿ ಹುತ್ತ ನೆಲಸಮ ಮಾಡಿದ ಕಡೆ ಹುತ್ತದ ಅಣಬೆ ಏಳುವುದಿಲ್ಲ, ನಾಯಿಕೊಡೆ ಮಾತ್ರ ಏಳುತ್ತದೆ.

1956ರವರೆಗೆ ಗದ್ವಾಲ್ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ಜಿಲ್ಲೆ ಬದಲಾದರೂ ಕೃಷ್ಣೆಯ ಆಚೆ ಈಚೆ ಹೆಣ್ಣು ಕೊಡುವುದು, ತರುವುದು ನಿಂತಿಲ್ಲ. ಕನ್ನಡ ಮಾತ್ರ ಬಲ್ಲ ಸೊಸೆಯಂದಿರು ಇಲ್ಲಿ ಮನೆ ಮನೆಯಲ್ಲಿದ್ದಾರೆ, ಅಡುಗೆ ಮನೆ ಅವರ ಕೈಯಲ್ಲೇ ಇದೆ. ನಮ್ಮನ್ನು ಮಲಗಿಸಿದ್ದ ಆಸ್ಪತ್ರೆಯ ಗೋಡೆಯ ಮೇಲೆ ನಾಯಿ ಕಡಿತ, ಹಾವು ಕಡಿತದ ಪೋಸ್ಟರ್‌ಗಳಿದ್ದವು. ಎಲ್ಲ ತೆಲುಗಿನಲ್ಲಿ. ಅಣಬೆಯದು ಯಾವ ಭಾಷೆಯಲ್ಲೂ ಇರಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಮಿರಗ ಕೂಡುವ ಮುಂಚೆ ಚಿತ್ರ ಸಹಿತ ಒಂದು ಹಾಳೆ, ಒಂದು ಕಡೆ ತೆಲುಗು, ಒಂದು ಕಡೆ ಕನ್ನಡ. ಪ್ರಾಥಮಿಕ ಆರೋಗ್ಯ ಕೇಂದ್ರ, ರೇಷನ್ ಅಂಗಡಿ, ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅದನ್ನು ಅಂಟಿಸಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಎರಡು ಮಾತು ಹೇಳಬೇಕು. ಶಾಲೆಯವರು ವರ್ಷಕ್ಕೊಂದು ಮುಂಜಾನೆ ದನ ಕಾಯುವ ಹಿರಿಯರನ್ನು ಕರೆದು ಮಕ್ಕಳನ್ನು ಹುತ್ತದ ಹತ್ತಿರ ಒಯ್ಯಬೇಕು. ಹಾಳೆಯ ಚಿತ್ರ ಸರಿಯಿದೆಯೇ ಎಂದು ನೋಡಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ದೂರವೇನೂ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗುವಂತೆ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪಾಠಕ್ಕೆ ಸಲ್ಲುವ ನ್ಯಾಯ ಪ್ರಾಣಕ್ಕೆ ಸಲ್ಲಬಾರದೇ?

ಅಕ್ಕನ ಮಗ ಈಗ ಆರಾಮ ಇದ್ದಾನೆ. ಮರುವರ್ಷದ ಮಳೆಗೆ ಆಯಿಯ ಬೆನ್ನಿಗೆ ಇಬ್ಬರೂ ಹೋಗಿದ್ದೆವು. ಅವರು ಅಗೆದು ತೋರಿಸಿದ ಅಣಬೆಯ ಕಾಲು ಹುಡುಗನ ಮೊಳಕೈ ಉದ್ದ ಇತ್ತು. ಹುಡುಗ ಅದನ್ನು ಹಿಡಿದು 'ಇದು ಹುತ್ತಿಂದು, ತಿನ್ನಬಹುದು' ಅಂದ. ಆಯಿ 'ನಾ ಹೇಳಿದ ಮ್ಯಾಲ' ಅಂದರು. ಎಲ್ಲ ಮಕ್ಕಳಿಗೂ ಹೀಗೆ ಹೇಳುವ ಆಯಿ ಸಿಗುವುದಿಲ್ಲ. ಸಂಬಂಧಪಟ್ಟವರು ಈ ಮಳೆಗಾಲಕ್ಕೆ ಮುಂಚೆಯಾದರೂ ಗಮನಿಸುವರೇ?